ಚಿಗವ್ವನ ಕೆಂಪು ಸರದ ಚರಿತ್ರೆ

ಕಳೆದ ದೀಪಾವಳಿಗೆ ಮುಂಚೆ ನಮ್ಮ ಚಿಗವ್ವ ರಾಯಚೂರಿನಿಂದ ಹೈದರಾಬಾದಿಗೆ ನಮ್ಮ ಮನೆಗೆ ಬಂದಿದ್ದರು. ಮೊಣಕಾಲಿನ ಆಪರೇಷನ್ನಿಗೆ ಡಾಕ್ಟರನ್ನು ನೋಡುವುದಿತ್ತು. ಎರಡನೇ ದಿನ ಮಧ್ಯಾಹ್ನ ಒಬ್ಬರೇ ಆಟೋ ಹಿಡಿದು ಎಲ್ಲಿಗೋ ಹೋಗಿ ಬಂದವರು ಊಟಕ್ಕೂ ಏಳಲಿಲ್ಲ. ಸಂಜೆ ನಾನು ಲ್ಯಾಪ್‌ಟಾಪ್ ಮುಚ್ಚಿ ಪಕ್ಕದಲ್ಲಿ ಕುಳಿತಾಗ ಸೆರಗಿನ ಗಂಟು ಬಿಚ್ಚಿ ಒಂದು ಸರ ತೆಗೆದು ನನ್ನ ಕೈಗಿಟ್ಟರು.

"ಮಾಣಿಕ್ಯ ಅಂತ ಮೂವತ್ತ ವರ್ಷ ಕಾದಿಟ್ಟೀನವ್ವಾ. ಅಂಗಡ್ಯಾಂವ ನೋಡಿ ಗಾಜು ಅಂದ. ನಡುವಿನ ಹದಿನಾಲ್ಕು ಬಂಗಾರದ ಗುಂಡಿಗಷ್ಟ ರೊಕ್ಕ ಕೊಡ್ತಾನಂತ."

ಈ ಸರದ ಹಿಂದೆ ಒಂದು ಕತೆಯಿದೆ. 1994ರಲ್ಲಿ ನಮ್ಮಜ್ಜಿ ತಾವು ಗಟ್ಟಿಯಾಗಿದ್ದಾಗಲೇ ಮೂರು ಹೆಣ್ಣುಮಕ್ಕಳಿಗೂ ಒಡವೆ ಹಂಚಿದರು. ದೊಡ್ಡವ್ವನಿಗೆ ಪಾಟಲಿ, ನಮ್ಮವ್ವನಿಗೆ ಬೋರಮಾಳ, ಚಿಗವ್ವನಿಗೆ ಈ ಕೆಂಪು ಸರ. ಮಾಣಿಕ್ಯದ ಸರ ಕಿರಿಯವಳಿಗೆ ಹೋಯಿತೆಂದು ದೊಡ್ಡವ್ವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಜಗಳ ಅಂತ ಆಗಲಿಲ್ಲ, ಆದರೆ ಹಬ್ಬಕ್ಕೆ ಹೋಗಿ ಬರುವುದು ಕಡಿಮೆಯಾಯಿತು. ಈಗ ಅದು ಗಾಜು ಎಂದರೆ ಮೂವತ್ತು ವರ್ಷದ ಆ ಬಿಗುವಿಗೆ ಏನರ್ಥ? ಚಿಗವ್ವನಿಗೆ ರೊಕ್ಕ ಹೋದದ್ದಕ್ಕಿಂತ ತಾಯಿ ತನಗೆ ಗಾಜು ಕೊಟ್ಟಳೇ ಎನ್ನುವ ಸಂಕಟವೇ ಹೆಚ್ಚಾಗಿತ್ತು.

ನಾನು ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ. ಹರಳುಗಳ ಬಗ್ಗೆ ಓದಿದವಳಲ್ಲ. ಆದರೆ ದಿನವಿಡೀ ತಪ್ಪು ಹುಡುಕುವುದೇ ನನ್ನ ಕೆಲಸ. ಒಬ್ಬರು ನೋಡಿದೊಡನೆ ಹೇಳಿದ ಉತ್ತರವನ್ನು ಪರೀಕ್ಷೆ ಮಾಡದೆ ಒಪ್ಪುವ ಅಭ್ಯಾಸ ನನಗಿಲ್ಲ. ಆ ಅಂಗಡಿಯವರು ಸರವನ್ನು ಬೆಳಕಿಗೆ ಹಿಡಿದು ನೋಡಿದರಂತೆ, ಅಷ್ಟೇ. ಲೆನ್ಸ್ ಕೂಡ ತೆಗೆಯಲಿಲ್ಲವಂತೆ.

ಮೊದಲು ಎಣಿಸಿದೆ. 61 ಕೆಂಪು ಮಣಿ, 14 ಬಂಗಾರದ ಗುಂಡು. ಮಣಿಗಳು ಹೆಚ್ಚುಕಡಿಮೆ ಏಳು ಮಿಲಿಮೀಟರ್ ದಪ್ಪ, ಆದರೆ ಯಾವ ಎರಡೂ ಒಂದೇ ಸಮ ಇಲ್ಲ. ಬಣ್ಣ ಮಾಣಿಕ್ಯದ ಗುಲಾಬಿಗೆಂಪಲ್ಲ. ಸ್ವಲ್ಪ ನೇರಳೆ ಬೆರೆತ, ಮಾಗಿದ ದಾಳಿಂಬೆ ಕಾಳಿನ ಕೆಂಪು. ಆ ರಾತ್ರಿ ಓದುತ್ತಾ ಕುಳಿತಾಗ ಗಾರ್ನೆಟ್ ಎಂಬ ಹೆಸರೇ ದಾಳಿಂಬೆಗೆ ಸಂಬಂಧಿಸಿದ ಲ್ಯಾಟಿನ್ ಮಾತಿನಿಂದ ಬಂದದ್ದು ಎಂದು ತಿಳಿಯಿತು. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಇಂಥ ಕೆಂಪು ಹರಳುಗಳನ್ನೆಲ್ಲ ಸೇರಿಸಿ 'ಕಾರ್ಬಂಕುಲಸ್' ಎಂದು ಕರೆದ. ಸಣ್ಣ ಕೆಂಡ ಎಂದು ಅರ್ಥ. ಅವುಗಳಲ್ಲಿ ಭಾರತದಿಂದ ಬರುವ ಬಗೆಯನ್ನೂ ಆತ ಹೆಸರಿಸಿದ್ದಾನೆ. ಆ ಕಾಲದಲ್ಲಿ ಮಾಣಿಕ್ಯ, ಗಾರ್ನೆಟ್, ಸ್ಪಿನೆಲ್ ಎಂದು ಬೇರ್ಪಡಿಸುವ ರಸಾಯನಶಾಸ್ತ್ರ ಇರಲಿಲ್ಲ. ಬಣ್ಣವೇ ಜಾತಿ. ನಮ್ಮ ಮನೆಗಳಲ್ಲಿ ಇವತ್ತಿಗೂ ಹಾಗೇ ಅಲ್ಲವೇ? 'ಕೆಂಪಿನ ಓಲೆ', 'ಕೆಂಪಿನ ಸರ' ಎನ್ನುತ್ತೇವೆ. ಆ ಕೆಂಪು ಬರ್ಮಾದ ಮಾಣಿಕ್ಯವೋ, ಗಾರ್ನೆಟ್ಟೋ, ಗಾಜೋ, 1902ರಲ್ಲಿ ಫ್ರಾನ್ಸಿನ ವೆರ್ನಾಯ್ ಲೋಕಕ್ಕೆ ಪ್ರಕಟಿಸಿದ ವಿಧಾನದಲ್ಲಿ ಕುಲುಮೆಯ ಜ್ವಾಲೆಯಲ್ಲಿ ಬೆಳೆಸಿದ ಕೃತಕ ಮಾಣಿಕ್ಯವೋ ಎಂದು ಯಾರೂ ಕೇಳುವುದಿಲ್ಲ. ಅಜ್ಜಿಯ ಕಾಲದ್ದು ಎಂದಮಾತ್ರಕ್ಕೆ ಹರಳು ಸಹಜವಾದದ್ದು ಎನ್ನುವಂತಿಲ್ಲ. ಕೃತಕ ಮಾಣಿಕ್ಯಕ್ಕೂ ಈಗ ನೂರು ವರ್ಷ ದಾಟಿದೆ.

ನಮ್ಮ ಕಡೆ ರತ್ನಪರೀಕ್ಷೆಯ ವಿದ್ಯೆ ಇರಲಿಲ್ಲ ಎಂದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಬೊಕ್ಕಸದ ಮಾತು ಬರುವಲ್ಲಿ ರತ್ನಗಳ ಪರೀಕ್ಷೆಯ ವಿಷಯವೂ ಇದೆ. ಅದು ಅರಮನೆಯ ವಿದ್ಯೆ. ಮನೆಯ ಹೆಂಗಸರಿಗೆ ಪತ್ತಾರ ಹೇಳಿದ್ದೇ ಸತ್ಯ.

ಇನ್ನೊಂದು ಮಾತು. ನವರತ್ನದ ಉಂಗುರ ಹಾಕಿಕೊಂಡವರೆಲ್ಲರ ಬೆರಳಲ್ಲೂ, ಹರಳು ಅಸಲಿಯಾಗಿದ್ದರೆ, ಒಂದು ಗಾರ್ನೆಟ್ ಇದೆ. ಜೇನುಬಣ್ಣದ ಗೋಮೇಧಿಕ ಅದೇ ಕುಟುಂಬದ ಹೆಸ್ಸೊನೈಟ್. ಅದರ ಕೆಂಪು ಅಕ್ಕತಂಗಿಯರು ಎರಡು. ಕಬ್ಬಿಣ ಹೆಚ್ಚಿರುವುದು ಆಲ್ಮಂಡೈನ್, ಮೆಗ್ನೀಷಿಯಂ ಹೆಚ್ಚಿರುವುದು ಪೈರೋಪ್. ನಮ್ಮ ದೇಶದ ಹಳೆಯ ಕೆಂಪು ಗಾರ್ನೆಟ್ ಮಣಿಗಳು ಬಹುಪಾಲು ಆಲ್ಮಂಡೈನ್.

ಕಬ್ಬಿಣ ಎಂದ ಕೂಡಲೇ ನನಗೆ ಕಪಾಟಿನಲ್ಲಿದ್ದ ಹಳೆಯ ಹಾರ್ಡ್‌ಡಿಸ್ಕ್ ನೆನಪಾಯಿತು. ಅದರೊಳಗೆ ನಿಯೋಡಿಮಿಯಂ ಆಯಸ್ಕಾಂತ ಇರುತ್ತದೆ. ಚಿಕ್ಕದಾದರೂ ಭಾರಿ ಬಲದ್ದು. ಸರದ ದಾರ ಹೇಗೂ ಸವೆದು ಹೋಗಿತ್ತು. ಚಿಗವ್ವನ ಒಪ್ಪಿಗೆ ಪಡೆದು, ಮಣಿಗಳ ಕ್ರಮದ ಫೋಟೋ ತೆಗೆದಿಟ್ಟುಕೊಂಡು ದಾರ ಬಿಚ್ಚಿದೆ. ಒಂದು ಬಟ್ಟಲು ನೀರಿನಲ್ಲಿ ತೆಳು ಥರ್ಮೋಕೋಲ್ ತುಂಡು ತೇಲಿಬಿಟ್ಟು ಅದರ ಮೇಲೆ ಒಂದು ಮಣಿ ಇಟ್ಟೆ. ಆಯಸ್ಕಾಂತ ಹತ್ತಿರ ತಂದರೆ ಥರ್ಮೋಕೋಲ್ ದೋಣಿ ಮೆಲ್ಲಗೆ ನನ್ನ ಕಡೆ ಬಂತು. ಗಾಜು ಹೀಗೆ ಬರುವುದಿಲ್ಲ. ಮಾಣಿಕ್ಯವೂ ಬರುವುದಿಲ್ಲ. ಚಿಗವ್ವ ಸೋಫಾದಿಂದ ಎದ್ದು ಬಂದು ನಿಂತರು.

"ಇನ್ನೊಂದು ಇಡು."

ಒಂದೊಂದಾಗಿ 61 ಮಣಿಯನ್ನೂ ಇಟ್ಟೆವು. 52 ಮಣಿ ಬಂದವು. ಒಂಬತ್ತು ಅಲ್ಲೇ ನಿಂತವು. ಅವನ್ನು ಬೇರೆ ಬಟ್ಟಲಿಗೆ ಹಾಕಿದೆ. ಆಮೇಲೆ ಹತ್ತರ ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿದರೆ ಆ ಒಂಬತ್ತರಲ್ಲಿ ಸಣ್ಣ ದುಂಡು ಗುಳ್ಳೆಗಳು ಸ್ಪಷ್ಟವಾಗಿ ಕಂಡವು. ಗಾಜು. ಅಂಗಡಿಯವರ ಕಣ್ಣಿಗೆ ಬಹುಶಃ ಅಂಥದ್ದೇ ಒಂದು ಬಿದ್ದಿರಬೇಕು. ಅವರು ಪೂರ್ತಿ ಸುಳ್ಳು ಹೇಳಿರಲಿಲ್ಲ. 61ರಲ್ಲಿ 9 ನೋಡಿ ತೀರ್ಪು ಕೊಟ್ಟಿದ್ದರು.

ಉಳಿದ 52 ಮಾಣಿಕ್ಯವಲ್ಲ ಎಂಬುದನ್ನು ಇನ್ನೂ ಒಂದೆರಡು ರೀತಿಯಲ್ಲಿ ನೋಡಿಕೊಂಡೆ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಒಂದೇ ಮಣಿ ತೂಗಿದರೆ ತಪ್ಪು ಹೆಚ್ಚು ಬರುತ್ತದೆ. ಹಾಗಾಗಿ ಹತ್ತನ್ನು ಒಟ್ಟಿಗೆ ದಾರಕ್ಕೆ ಪೋಣಿಸಿ ತೂಗಿದೆ. ಗಾಳಿಯಲ್ಲಿ 6.20 ಗ್ರಾಂ. ನೀರಿನಲ್ಲಿ ಮುಳುಗಿಸಿ ತೂಗಿದಾಗ ಕಡಿಮೆಯಾದದ್ದು 1.52 ಗ್ರಾಂ. ಭಾಗಿಸಿದರೆ ಸಾಂದ್ರತೆ 4.08. ಸಾಮಾನ್ಯ ಗಾಜು 2.5ರ ಆಸುಪಾಸು. ಇಲ್ಲೊಂದು ಎಚ್ಚರ ಬೇಕು. ಮಾಣಿಕ್ಯದ ಸಾಂದ್ರತೆಯೂ 4.0, ಸೀಸ ಬೆರೆತ ಗಾಜೂ ಅಷ್ಟು ಭಾರ ಇರಬಹುದು. ತೂಕ ಒಂದರಿಂದಲೇ ಯಾವ ತೀರ್ಮಾನಕ್ಕೂ ಬರಬಾರದು. ಆಯಸ್ಕಾಂತ, ತೂಕ, ಲೂಪು ಮೂರೂ ಒಂದೇ ಮಾತು ಹೇಳಿದಾಗ ನಂಬಬಹುದು. ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚನ್ನೂ ಹಿಡಿದೆ. ಬರ್ಮಾ ಮಾಣಿಕ್ಯವಾಗಲಿ ಕೃತಕ ಮಾಣಿಕ್ಯವಾಗಲಿ ಆ ಬೆಳಕಿಗೆ ಕೆಂಡದಂತೆ ಹೊಳೆಯುತ್ತದೆ. ಇವು ಕಪ್ಪಗೆ ಸುಮ್ಮನಿದ್ದವು. ನನ್ನ ಉಂಗುರದ ಪುಟ್ಟ ಹರಳು ಮಾತ್ರ ಝಗ್ಗೆಂದಿತು. ಅದು ಯಾವ ಕುಲುಮೆಯದೋ ಎಂದು ಆವತ್ತಿನಿಂದ ನನಗೆ ಬೇರೆ ಚಿಂತೆ.

ಮನೆಯ ಪರೀಕ್ಷೆ ಮನೆಗೆ ಸರಿ, ಪಾಲಿನ ಮಾತಿಗೆ ಸಾಲದು. ಮಾರನೇ ವಾರ ಒಂದು ರತ್ನಪರೀಕ್ಷೆಯ ಲ್ಯಾಬಿಗೆ ನಾಲ್ಕು ಮಣಿ ಕೊಟ್ಟೆವು. ವಕ್ರೀಭವನ ಸೂಚಿ 1.79, ಸಹಜ ಗಾರ್ನೆಟ್, ಆಲ್ಮಂಡೈನ್ ಎಂದು ಬರೆದು ಕೊಟ್ಟರು.

ಇಲ್ಲಿಂದ ನನಗೆ ಹುಚ್ಚು ಹಿಡಿಯಿತು ಅನ್ನಬೇಕು. ಈ ಸರ ನಮ್ಮ ಮನೆಗೆ ಬಂದದ್ದು ಅಜ್ಜಿಯ ತಂದೆಯಿಂದ. ಅವರು ನಿಜಾಂ ಸರ್ಕಾರದ ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ರಾಯಚೂರೂ ಆಗ ನಿಜಾಂ ರಾಜ್ಯವೇ ಆದ್ದರಿಂದ ವರ್ಗವಾಗಿ ವಾರಂಗಲ್ ಕಡೆಗೂ ಹೋಗಿದ್ದರು. ಖಮ್ಮಂ ಆಗ ವಾರಂಗಲ್ ಜಿಲ್ಲೆಯ ಒಳಗೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1953ರಲ್ಲಿ. "ನಮ್ಮಪ್ಪ ಖಮ್ಮಂ ಕಡಿಂದ ತಂದಿದ್ದು" ಎಂದು ಅಜ್ಜಿ ಹೇಳುತ್ತಿದ್ದುದು ಅವ್ವನಿಗೆ ನೆನಪಿದೆ. ಆ ಸೀಮೆಯಲ್ಲೇ, ಈಗಿನ ಕೊತ್ತಗೂಡೆಂ ಹತ್ತಿರ, ಗರೀಬ್‌ಪೇಟ ಎಂಬ ಊರಿದೆ. ಪಕ್ಕದ ಗುಡ್ಡದ ತುಂಬಾ ಗಾರ್ನೆಟ್. ಬಂಡೆ ಸವೆದು, ಮಳೆನೀರು ಹರಿದು, ಗುಡ್ಡದ ಬುಡದ ಮಣ್ಣಿನಲ್ಲಿ ಕೆಂಪು ಕಾಳುಗಳು ಸೇರಿಕೊಂಡಿವೆ. ಗಣಿ ತೋಡಬೇಕಿಲ್ಲ, ಮಣ್ಣು ಜಾಲಾಡಿದರೆ ಸಾಕು.

ಗೋಲ್ಕೊಂಡ ಎಂದರೆ ನಮಗೆಲ್ಲ ವಜ್ರ. ಹೈದರಾಬಾದಿನಲ್ಲಿ ಹತ್ತು ವರ್ಷದಿಂದಿರುವ ನಾನು ನೆಂಟರನ್ನು ಚಾರ್‌ಮಿನಾರಿಗೆ, ಲಾಡ್ ಬಜಾರಿಗೆ ಎಷ್ಟು ಸಲ ಕರೆದೊಯ್ದಿಲ್ಲ! ಮುತ್ತಿನ ಮಾತು ಬರುತ್ತದೆ, ಕೊಹಿನೂರಿನ ಮಾತು ಬರುತ್ತದೆ. ಗರೀಬ್‌ಪೇಟದ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ. ಹೆಸರಿನಲ್ಲೇ ಗರೀಬ್ ಇದ್ದರೆ ಯಾರು ತಾನೆ ಕೇಳುತ್ತಾರೆ?

ಆದರೆ ಆ ಗುಡ್ಡದ ಕಾಳು ಎಲ್ಲೆಲ್ಲಿಗೆ ಹೋಗಿದೆ ನೋಡಿ. ಪುದುಚೇರಿಯ ಪಕ್ಕದ ಅರಿಕಮೇಡು ಶಾಲೆಯ ಇತಿಹಾಸದ ಪುಸ್ತಕದಲ್ಲಿ ಬರುವ ಹೆಸರು. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿ ರೋಮನ್ ವ್ಯಾಪಾರದ ಕುರುಹುಗಳನ್ನು ತೋರಿಸಿದರು. ಅದು ಗಾಜಿನ ಮಣಿಗೂ ಕಲ್ಲಿನ ಮಣಿಗೂ ದೊಡ್ಡ ಕಾರ್ಖಾನೆಯಿದ್ದ ಊರು. ಅಲ್ಲಿ ಗಾರ್ನೆಟ್ಟಿನ ಒರಟು ಕಲ್ಲು, ಅರ್ಧ ಕೆಲಸವಾದ ಮಣಿ, ತೂತು ಹಾಕುವಾಗ ಒಡೆದ ಮಣಿ, ಮುಗಿದ ಮಣಿ ಎಲ್ಲವೂ ಸಿಕ್ಕಿವೆ. ಆದರೆ ಅರಿಕಮೇಡು ಕಡಲತೀರ, ಅದರ ಕಚ್ಚಾ ಕಲ್ಲು ಬಂದದ್ದೆಲ್ಲಿಂದ? 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರಿಕಮೇಡಿನ ಗಾರ್ನೆಟ್ಟನ್ನೂ ಗರೀಬ್‌ಪೇಟದ ಗಾರ್ನೆಟ್ಟನ್ನೂ ಪಕ್ಕಪಕ್ಕ ಇಟ್ಟು ರಾಸಾಯನಿಕ ಅಂಶಗಳನ್ನೂ ಒಳಗೆ ಸಿಕ್ಕಿಕೊಂಡ ಸಣ್ಣ ಖನಿಜಗಳನ್ನೂ ಹೋಲಿಸಿದರು. ಎರಡರಲ್ಲೂ ಸಿಲಿಮನೈಟ್ ಎಂಬ ಖನಿಜದ ಕೂದಲೆಳೆಯಂಥ ಸೂಜಿಗಳು ಒಂದೇ ಬಗೆಯಲ್ಲಿದ್ದವು. ಎರಡು ಊರಿನ ನಡುವೆ ನೇರ ಅಳತೆಯಲ್ಲೇ 600 ಕಿಲೋಮೀಟರಿಗೂ ಹೆಚ್ಚು ದೂರ. ಎರಡು ಸಾವಿರ ವರ್ಷದ ಹಿಂದೆ ಯಾರೋ ಮೂಟೆ ಕಟ್ಟಿ ಹೊತ್ತು ಒಯ್ದಿದ್ದಾರೆ.

ಭಾರತದ ಗಾರ್ನೆಟ್ ಅಲ್ಲಿಗೂ ನಿಲ್ಲಲಿಲ್ಲ. 1653ರಲ್ಲಿ ಈಗಿನ ಬೆಲ್ಜಿಯಂನ ಟೂರ್ನೆ ಊರಿನಲ್ಲಿ ಕಟ್ಟಡದ ಪಾಯ ತೋಡುವಾಗ ಫ್ರಾಂಕ್ ಜನರ ದೊರೆ ಚಿಲ್ಡೆರಿಕ್‌ನ ಗೋರಿ ಸಿಕ್ಕಿತು. ಆತ ಸತ್ತದ್ದು ಸುಮಾರು 481ರಲ್ಲಿ. ಅದರೊಳಗೆ ಸುಮಾರು 300 ಬಂಗಾರದ ಜೇನುನೊಣಗಳಿದ್ದವು. ಅವುಗಳ ರೆಕ್ಕೆಗೆ ಕಾಗದದಷ್ಟು ತೆಳುವಾಗಿ ಕೊಯ್ದ ಗಾರ್ನೆಟ್ ಕೂರಿಸಿದ್ದರು. 1831ರಲ್ಲಿ ಪ್ಯಾರಿಸ್ಸಿನಲ್ಲಿ ಆ ನಿಧಿ ಕಳವಾಗಿ ಬಂಗಾರವನ್ನೆಲ್ಲ ಕರಗಿಸಿಬಿಟ್ಟರು. ಉಳಿದದ್ದು ಎರಡು ನೊಣ ಮತ್ತು ಚೂರುಪಾರು. (ಒಡವೆ ಮುರಿಸುವ ಚಟ ನಮಗೊಬ್ಬರಿಗೇ ಅಲ್ಲ ಎಂದು ಸಮಾಧಾನವಾಯಿತು.) ಆ ಕಾಲದ ಯೂರೋಪಿನ ಗಾರ್ನೆಟ್ಟುಗಳನ್ನು ಪರೀಕ್ಷಿಸಿದವರು ಅವುಗಳಲ್ಲಿ ದೊಡ್ಡ ಪಾಲು ಭಾರತ, ಶ್ರೀಲಂಕಾಗಳಿಂದ ಹೋದದ್ದೆಂದು ಕಂಡುಕೊಂಡಿದ್ದಾರೆ. ಏಳನೇ ಶತಮಾನದ ಹೊತ್ತಿಗೆ ಈ ಪೂರೈಕೆ ಕುಗ್ಗಿತು. ಅಲ್ಲಿನವರು ತಮ್ಮ ಹತ್ತಿರದ ಬೊಹೀಮಿಯಾದ, ಅಂದರೆ ಈಗಿನ ಚೆಕ್ ದೇಶದ, ಪುಟ್ಟ ಪೈರೋಪ್ ಹರಳಿಗೆ ತಿರುಗಿದರು.

ಈ ಬೊಹೀಮಿಯನ್ ಗಾರ್ನೆಟ್ಟಿನ ಸಂಗತಿ ತಿಳಿದಿರುವುದು ಒಳ್ಳೆಯದು. ಹಳೆಯ ಗಾರ್ನೆಟ್ ಒಡವೆ ಎಂದು ಹುಡುಕಿದರೆ ಮೊದಲು ಕಾಣುವುದು ಅದೇ, ಬೆಲೆಯ ಮಾತೂ ಬಹುಪಾಲು ಅದರದ್ದೇ. 19ನೇ ಶತಮಾನದ ಯೂರೋಪಿನ ಹೆಂಗಸರು ಅದನ್ನು ಮೆಚ್ಚಿ ತೊಟ್ಟರು. ಹರಳು ತೊಗರಿಬೇಳೆಗಿಂತ ದೊಡ್ಡದಿರುವುದು ಅಪರೂಪ. ಆದ್ದರಿಂದ ದಾಳಿಂಬೆ ಬಿಚ್ಚಿದಂತೆ ಒತ್ತೊತ್ತಾಗಿ ಕೂರಿಸಿರುತ್ತಾರೆ. ಲೋಹ ಹೆಚ್ಚಾಗಿ ಬಂಗಾರದ ಮುಲಾಮಿನ ಹಿತ್ತಾಳೆ ಬಗೆಯದು ಅಥವಾ ಬೆಳ್ಳಿ. ನಮ್ಮ ಮನೆಗಳ ದಪ್ಪ ಮಣಿಯ ಸರಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಬೆಲೆಯನ್ನು ಇದಕ್ಕೆ ಹಚ್ಚಬಾರದು.

ಹಾಗಾದರೆ ಚಿಗವ್ವನ ಮಣಿ ಗರೀಬ್‌ಪೇಟದ್ದೇ? ಲೂಪಿನಲ್ಲಿ ಕೆಲವು ಮಣಿಯೊಳಗೆ ಸೂಜಿಯಂಥ ಎಳೆಗಳು ಕಾಣುತ್ತವೆ. ಆದರೆ ಆಲ್ಮಂಡೈನಿನಲ್ಲಿ ರೂಟೈಲ್ ಖನಿಜದ ಸೂಜಿಗಳೂ ಇರುತ್ತವೆ. ರಾಜಸ್ಥಾನದ ಗಾರ್ನೆಟ್ ಜೈಪುರದಲ್ಲಿ ಮಣಿಯಾಗಿ ದೇಶವೆಲ್ಲ ಸುತ್ತಿದೆ. ಮುತ್ತಜ್ಜ ಖಮ್ಮಂನಲ್ಲಿ ಕೊಂಡರು ಎಂದಮಾತ್ರಕ್ಕೆ ಅಲ್ಲೇ ಹುಟ್ಟಿದ ಕಲ್ಲು ಎನ್ನಲಾಗದು. ಹತ್ತಿರದ ಗುಡ್ಡದ್ದಿರಬಹುದು ಎನ್ನುವುದಷ್ಟೇ ನ್ಯಾಯವಾದ ಮಾತು. ಮಾರುವವರು ಈ 'ಇರಬಹುದು' ಎಂಬುದನ್ನು ನುಂಗಿ 'ಅರಿಕಮೇಡಿನ ಪುರಾತನ ಮಣಿ' ಎಂದು ಹೇಳುವುದನ್ನು ಈ ಹುಡುಕಾಟದಲ್ಲಿ ಬೇಕಾದಷ್ಟು ಕಂಡೆ. ನಮ್ಮಲ್ಲಿ ಯಾರಿಗಾದರೂ ಆ ಆಸೆ ಹುಟ್ಟಿದರೆ ದಯವಿಟ್ಟು ಕೊಳ್ಳಬೇಡಿ. ನಿಜವಾದ ಪುರಾತನ ಮಣಿಯಾಗಿದ್ದರೆ ಅದು ನೆಲದಿಂದ ಕದ್ದದ್ದಿರಬಹುದು, ಸುಳ್ಳಾಗಿದ್ದರೆ ನೀವು ಮೋಸಹೋದಿರಿ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳಿಸುವಂತೆಯೂ ಇಲ್ಲ.

ವಯಸ್ಸನ್ನು ತಿಳಿಯುವುದು ಕಲ್ಲನ್ನು ನೋಡಿ ಅಲ್ಲ. ಕಲ್ಲು ಹೇಗೂ ಕೋಟ್ಯಂತರ ವರ್ಷದ್ದು. ನೋಡಬೇಕಾದದ್ದು ತೂತನ್ನು. ಇದು ನನಗೆ ಈ ಹುಡುಕಾಟದಲ್ಲಿ ಅತ್ಯಂತ ಇಷ್ಟವಾದ ಪಾಠ. ಈಗಿನ ಯಂತ್ರ ಹಾಕಿದ ತೂತು ಆಚೆಯಿಂದ ಈಚೆಗೆ ಒಂದೇ ಸಮ, ನೇರ. ಕೈಯಿಂದ ಬಿಲ್ಲು ಎಳೆದು ತಿರುಗಿಸುವ ಭೈರಿಗೆಯ ಕಾಲದಲ್ಲಿ ಮಣಿ ಒಡೆಯದಿರಲೆಂದು ಎರಡು ಬದಿಯಿಂದ ಅರ್ಧರ್ಧ ಕೊರೆಯುತ್ತಿದ್ದರು. ಎರಡು ತೂತು ನಡುವೆ ಸೇರುವಲ್ಲಿ ಕೂದಲಷ್ಟು ಸೊಟ್ಟ ಇರುತ್ತದೆ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಲೂಪಿನಲ್ಲಿ ನೋಡಿದರೆ ಚಿಗವ್ವನ ಮಣಿಗಳಲ್ಲಿ ಆ ಸೊಟ್ಟ ಕಂಡಿತು. ತೂತಿನ ಬಾಯಂಚು ದಾರ ಉಜ್ಜಿ ಉಜ್ಜಿ ದುಂಡಗಾಗಿದೆ. ಒಂದಕ್ಕೊಂದು ತಾಗುವ ಕಡೆ ಹೊಳಪು ಮಾಸಿ ಸಣ್ಣ ಸಣ್ಣ ಚುಕ್ಕೆ ಬಿದ್ದಿವೆ. ಇದನ್ನು ಹೊಸದಾಗಿ ಪಾಲಿಷ್ ಮಾಡಿಸಿದರೆ ಸರ ಚೆಂದ ಕಾಣುತ್ತದೆ, ಹಳೆಯದೆಂಬ ಸಾಕ್ಷಿ ಹೋಗುತ್ತದೆ. ಗಾಜಿನ ಒಂಬತ್ತರಲ್ಲಿ ಈ ಸವೆತ ಬಹಳ ಕಡಿಮೆ. ಅವು ಆಮೇಲೆ ಬಂದು ಸೇರಿದವು.

ಬೆಲೆಯ ವಿಷಯಕ್ಕೆ ಬರೋಣ, ಎಲ್ಲರೂ ಕೇಳುವುದು ಅದನ್ನೇ. ಹೊಸ ಆಲ್ಮಂಡೈನ್ ಮಣಿಯ ಸಾಧಾರಣ ಸರ ಒಂದು ಒಳ್ಳೆಯ ರೇಷ್ಮೆ ಸೀರೆಗಿಂತ ಕಡಿಮೆಗೆ ಸಿಗುತ್ತದೆ. ಕಲ್ಲಾಗಿ ಇದು ಮಾಣಿಕ್ಯದ ಹತ್ತಿರಕ್ಕೂ ಬರುವುದಿಲ್ಲ. ಬಂಗಾರದ ಅಂಗಡಿಯಲ್ಲಿ ಹಳೆಯ ಒಡವೆಗೆ ಬೆಲೆ ಕಟ್ಟುವ ಕ್ರಮವೇ ಕಲ್ಲಿನ ತೂಕ ಕಳೆದು ಉಳಿದ ಬಂಗಾರ ಲೆಕ್ಕ ಹಾಕುವುದು. ಬ್ಯಾಂಕಿನ ಸಾಲಕ್ಕೂ ಅಷ್ಟೇ. ಅಲ್ಲಿ ಗಾರ್ನೆಟ್ಟೂ ಗಾಜೂ ಒಂದೇ, ಎರಡೂ ಸೊನ್ನೆ. ಹಳೆಯ ಒಡವೆ ಬಲ್ಲವರು ನೋಡುವುದು ಬೇರೆ: ಕೈಕೆಲಸ, ಮಣಿಗಳ ಬಣ್ಣದ ಹೊಂದಾಣಿಕೆ, ಎಷ್ಟು ಬದಲಾಗಿವೆ, ಯಾರ ಮನೆಯದು ಎನ್ನುವುದಕ್ಕೆ ಕಾಗದ ಅಥವಾ ಫೋಟೋ ಇದೆಯೇ. ನಮ್ಮಲ್ಲಿ 1961ರ ಒಂದು ಮದುವೆ ಫೋಟೋ ಸಿಕ್ಕಿತು, ಅಜ್ಜಿಯ ಕೊರಳಲ್ಲಿ ಇದೇ ಸರ. ಆ ಫೋಟೋದ ಪ್ರತಿಯನ್ನೂ ಲ್ಯಾಬಿನ ಕಾಗದವನ್ನೂ ಹಳೆಯ ದಾರದ ತುಂಡನ್ನೂ ಒಟ್ಟಿಗೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಪಾಲು ಮಾಡುವಾಗ ಇಂಥ ಒಡವೆಗೆ ಮಾಣಿಕ್ಯದ ಬೆಲೆ ಕಟ್ಟುವುದೂ ತಪ್ಪು, ಬಂಗಾರ ತೂಗಿ ಮುಗಿಸುವುದೂ ತಪ್ಪು. ಮೊದಲು ಪರೀಕ್ಷೆ ಮಾಡಿಸಿ ಎಲ್ಲರ ಎದುರಿಗೆ ಕಾಗದ ಓದಬೇಕು. ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷ ತಡವಾಯಿತು.

ಆ ಭಾನುವಾರ ಸ್ಪೀಕರ್ ಹಾಕಿ ದೊಡ್ಡವ್ವನಿಗೆ ಫೋನ್ ಮಾಡಿದೆವು. ಮಾಣಿಕ್ಯವಲ್ಲ ಎಂದು ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಒಂಬತ್ತು ಗಾಜಿನ ಮಣಿಯ ಮಾತು ಬಂದಾಗ ದೊಡ್ಡವ್ವ ನಕ್ಕುಬಿಟ್ಟರು.

"ಅವು ನಾ ಕೆಡಿಸಿದ್ದವ್ವಾ. ಸಣ್ಣಾಕಿದ್ದಾಗ ಅವ್ವಗ ಕಾಣದಂಗ ಹಾಕ್ಕೊಂಡು ಬಾವಿ ಕಟ್ಟಿ ಮ್ಯಾಲ ಬಗ್ಗೀನಿ. ದಾರ ಹರದ ಒಂಬತ್ತು ಒಳಗ ಬಿದ್ವು. ಅವ್ವ ಬಡದ್ಲು, ಆಮ್ಯಾಲ ಜಾತ್ರ್ಯಾಗ ಬಳಿಗಾರನ ಕಡೆ ಹುಡುಕಿ ತಂದು ಪೋಣಿಸಿದ್ಲು. ನಿನಗ ಕೊಟ್ಟಾಗ ಅದ ನೆನಪಾಗಿ, ನನಗ ಕೊಡಲಿಲ್ಲ ನೋಡು ಅನ್ಕೊಂಡೆ."

ಆಮೇಲೆ ಅಕ್ಕತಂಗಿಯರು ಒಂದು ಗಂಟೆ ಮಾತಾಡಿದರು. ಬಾವಿಯ ಬಗ್ಗೆ, ಆ ಮನೆ ಕೊಂಡವರು ಅದನ್ನು ಮುಚ್ಚಿಸಿದ್ದರ ಬಗ್ಗೆ, ಮೊಣಕಾಲಿನ ಬಗ್ಗೆ. ನಾನು ಚಹಾ ಮಾಡಲು ಎದ್ದೆ.

ಆಪರೇಷನ್ನಿಗೆ ಚಿಗವ್ವ ಕೈಬಳೆ ಇಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದರು, ಸರ ಮಾರಲಿಲ್ಲ. ಫೆಬ್ರುವರಿಯಲ್ಲಿ ರಾಯಚೂರಿನ ಪಟವೇಗಾರರ ಹತ್ತಿರ ರೇಷ್ಮೆ ದಾರದಲ್ಲಿ, ಮಣಿ ಮಣಿಯ ನಡುವೆ ಗಂಟು ಹಾಕಿಸಿ ಹೊಸದಾಗಿ ಪೋಣಿಸಿಕೊಂಡರು. ಗಂಟಿದ್ದರೆ ದಾರ ಹರಿದರೂ ಒಂದೇ ಮಣಿ ಬೀಳುತ್ತದೆ. ಗಾಜಿನವು ತೆಗೆದುಬಿಡಲೇ ಎಂದು ಪಟವೇಗಾರರು ಕೇಳಿದರಂತೆ. ಬೇಡ, ಹಿಂದೆ ಕತ್ತಿನ ಕಡೆ ಬರುವಂತೆ ಹಾಕಿ ಎಂದರಂತೆ ಚಿಗವ್ವ.